ಕೆಪ್ಸೆ: ಹುಲ್ಲಿನ ನಾಡಿನಲ್ಲಿ ಎಂಟು ದಿನ

ಮೊದಲ ದಿನ

ಮೂರು ಸ್ವೆಟರ್, ಎರಡು ಜೊತೆ ಉಣ್ಣೆಯ ಕಾಲುಚೀಲ, ಅಣ್ಣನ ಮಗನಿಂದ ಎರವಲು ತಂದ ಜಾಕೆಟ್. ಇಷ್ಟನ್ನೂ ಹೊತ್ತುಕೊಂಡು ಯಾಕುತ್ಸ್ಕ್ ವಿಮಾನ ನಿಲ್ದಾಣದಿಂದ ಹೊರಬಂದರೆ ಬಿಸಿಲು ನೆತ್ತಿ ಸುಡುತ್ತಿತ್ತು. ಟ್ಯಾಕ್ಸಿಯ ಗಾಜಿನ ಕೆಳಗೆ 31 ಎಂಬ ಅಂಕಿ ಮಿನುಗುತ್ತಿತ್ತು. ಶಿರಸಿಯಲ್ಲಿ ಜಡಿಮಳೆ ಬಿಟ್ಟು ಬಂದವನಿಗೆ ಸೈಬೀರಿಯಾದಲ್ಲಿ ಬೆವರು. ಚಾಲಕ ನನ್ನ ಜಾಕೆಟ್ಟನ್ನು ನೋಡಿ ನಗಲಿಲ್ಲ, ಅಷ್ಟು ಸೌಜನ್ಯ ಅವನಿಗಿತ್ತು. ಕಿಟಕಿ ಮಾತ್ರ ಪೂರ್ತಿ ಇಳಿಸಿದ.

ರಷ್ಯಾದ ಈ ಯಾಕುತಿಯಾ ಗಣರಾಜ್ಯ ಎಂದೊಡನೆ ಚಳಿಯ ಮಾತೇ ಬರುತ್ತದೆ. ತಪ್ಪೇನಿಲ್ಲ, ಜನವರಿಯಲ್ಲಿ ಇಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಎಂದರೆ ದಿನನಿತ್ಯದ ಹವೆ. ಓಯ್ಮ್ಯಾಕೋನ್ ಹಳ್ಳಿಯಲ್ಲಿ 1933ರಲ್ಲಿ ಮೈನಸ್ 67.7 ದಾಖಲಾಗಿದೆ. ಹೊರಡುವ ಮುಂಚೆ ಗೆಳೆಯರೆಲ್ಲ, ‘ಜೂನ್‌ನಲ್ಲಿ ಹೋಗಿ ಏನು ನೋಡುತ್ತೀಯ, ಚಳಿಗಾಲದಲ್ಲಿ ಹೋಗು’ ಎಂದಿದ್ದರು. ನನಗೆ ಚಳಿ ಬೇಕಿರಲಿಲ್ಲ. ಆ ಚಳಿಯಲ್ಲಿ ದನ ಕಟ್ಟಿಕೊಂಡು ಬದುಕಿದ ಜನ ಬೇಕಿತ್ತು. ಅವರ ವರ್ಷವೆಲ್ಲ ನಿಂತಿರುವುದು ಜೂನ್, ಜುಲೈ ಎಂಬ ಎರಡು ತಿಂಗಳ ಮೇಲೆ ಎಂದು ಕೇಳಿದ್ದೆ.

ಯಾಕೂತ್ ಎಂಬುದು ಹೊರಗಿನವರು ಇಟ್ಟ ಹೆಸರು. ತಮ್ಮನ್ನು ಅವರು ಸಾಖಾ ಎಂದು ಕರೆದುಕೊಳ್ಳುತ್ತಾರೆ. ಭಾಷೆ ತುರ್ಕಿ ಕುಟುಂಬದ್ದು. ಪೂರ್ವಿಕರು ದಕ್ಷಿಣದ ಬೈಕಲ್ ಸರೋವರದ ಕಡೆಯಿಂದ ಕುದುರೆ, ದನ ಹೊಡೆದುಕೊಂಡು ಲೇನಾ ನದಿಯ ಗುಂಟ ಬಂದವರು. ಹಿಮಸಾರಂಗ ಸಾಕುವವರು ಎಂದು ನಾನೂ ಮೊದಲು ತಿಳಿದಿದ್ದೆ. ಅದು ಹೆಚ್ಚಾಗಿ ಉತ್ತರದ ಎವೆನ್, ಎವೆಂಕಿ ಜನರ ಕಸುಬು. ಇವರು ನಮ್ಮ ಹಾಗೆ ಹಾಲು, ಬೆಣ್ಣೆ, ಸಗಣಿಯ ಜನ. ಇಡೀ ಗಣರಾಜ್ಯದ ವಿಸ್ತೀರ್ಣ 30 ಲಕ್ಷ ಚದರ ಕಿಲೋಮೀಟರ್‌ಗೂ ಹೆಚ್ಚು, ಅಂದರೆ ಭಾರತಕ್ಕಿಂತ ಸ್ವಲ್ಪ ಚಿಕ್ಕದು. ಜನ ಮಾತ್ರ ಹತ್ತು ಲಕ್ಷದ ಆಸುಪಾಸು.

ಊರಿನ ಮನೆಗಳೆಲ್ಲ ಕಾಲಿನ ಮೇಲೆ ನಿಂತಿವೆ. ನೆಲದಡಿ ಮಂಜುಗಟ್ಟಿದ ಮಣ್ಣು. ಮನೆಯ ಬಿಸಿ ತಾಕಿದರೆ ಅದು ಕರಗಿ ಗೋಡೆ ಬಿರಿಯುತ್ತದೆ. ಆದ್ದರಿಂದ ಕಾಂಕ್ರೀಟ್ ಕಂಬ ಇಳಿಸಿ, ಮನೆಯಡಿ ಗಾಳಿ ಆಡಲು ಬಿಟ್ಟು ಕಟ್ಟುತ್ತಾರೆ. ನೀರು, ಬಿಸಿಯ ಕೊಳವೆಗಳೂ ನೆಲದ ಮೇಲೆಯೇ. ರಸ್ತೆ ಬಂದಲ್ಲಿ ಕಮಾನಿನಂತೆ ಮೇಲೇರಿ ಆಚೆ ಇಳಿಯುತ್ತವೆ. ರಾತ್ರಿ ಹತ್ತೂವರೆಗೆ ಸೂರ್ಯ ಮುಳುಗಿದ. ಕತ್ತಲಾಗಲಿ ಎಂದು ಕಾದೆ. ಆಗಲಿಲ್ಲ. ಎರಡೂವರೆಗೆ ಮತ್ತೆ ಹುಟ್ಟಿದ.

ಎರಡನೆಯ ದಿನ

ನನ್ನನ್ನು ಇಲ್ಲಿಗೆ ಎಳೆದದ್ದು ಅಂಗೈಯಲ್ಲಿ ಹಿಡಿಸುವ ಕಬ್ಬಿಣದ ತುಂಡು. ನಾನು ಮೋರ್ಸಿಂಗ್ ನುಡಿಸುತ್ತೇನೆ. ಕಛೇರಿಗಳಲ್ಲಿ ಮೃದಂಗದ ಪಕ್ಕ ಕೂರುವಷ್ಟಲ್ಲ, ಮನೆಯವರಿಗೆ ಬೇಸರ ತರಿಸುವಷ್ಟು. ಅದೇ ವಾದ್ಯದ ದಾಯಾದಿ ಸಾಖಾ ಜನರ ಖೊಮುಸ್. ಪ್ರತಿ ನವೆಂಬರ್ 30ನ್ನು ಖೊಮುಸ್ ದಿನವೆಂದು ಆಚರಿಸುವ ನಾಡು ಇದು. ಅದಕ್ಕೆಂದೇ ಯಾಕುತ್ಸ್ಕ್‌ನಲ್ಲಿ 1990ರಿಂದ ಒಂದು ವಸ್ತುಸಂಗ್ರಹಾಲಯವಿದೆ.

ಅಲ್ಲಿದ್ದ ಹುಡುಗಿ ತುಟಿಗೆ ಖೊಮುಸ್ ಇಟ್ಟು ಕಣ್ಣು ಮುಚ್ಚಿದಳು. ಮೊದಲು ಸೂರಿನಿಂದ ಹನಿ ಬಿತ್ತು, ಆಮೇಲೆ ಕಾಗೆ ಕೂಗಿತು, ಕುದುರೆ ದೌಡಾಯಿಸಿತು. ಹಿಮ ಕರಗುವ ಕಾಲದ ಸದ್ದುಗಳಂತೆ. ನಮ್ಮ ಮೋರ್ಸಿಂಗ್ ಲೆಕ್ಕದ ವಾದ್ಯ. ತಕಧಿಮಿ ಹೇಳುತ್ತದೆ, ತಾಳಕ್ಕೆ ಕಟ್ಟುಬಿದ್ದಿರುತ್ತದೆ. ಖೊಮುಸ್‌ಗೆ ತಾಳದ ಹಂಗಿಲ್ಲ, ಉಸಿರಿನ ಹಂಗು ಮಾತ್ರ. ನನ್ನದನ್ನು ತೆಗೆದು ಆದಿತಾಳದಲ್ಲಿ ಒಂದು ಆವರ್ತ ನುಡಿಸಿದೆ. ಅವಳು ಗಂಭೀರವಾಗಿ ಕೇಳಿ, ‘ಇದು ಕಮ್ಮಾರನ ಅಂಗಡಿ’ ಎಂದಳು. ಹೊಗಳಿಕೆ ಎಂದೇ ತೆಗೆದುಕೊಂಡೆ. ಸಾಖಾ ಜನರಲ್ಲಿ ಕಮ್ಮಾರನಿಗೆ, ದೈವಗಳೊಡನೆ ಮಾತಾಡುವ ಪೂಜಾರಿ ಶಾಮನ್‌ನಷ್ಟೇ ಮರ್ಯಾದೆ. ಇಬ್ಬರೂ ಒಂದೇ ಗೂಡಿನ ಮರಿಗಳು ಎಂಬ ಗಾದೆಯೂ ಅವರಲ್ಲಿದೆ.

ಮಧ್ಯಾಹ್ನ ಶೆರ್ಗಿನ್ ಬಾವಿಗೆ ಹೋದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಶೆರ್ಗಿನ್ ಎಂಬ ವ್ಯಾಪಾರಿ ಕುಡಿಯುವ ನೀರಿಗಾಗಿ ತೋಡಿಸಲು ಹೊರಟ ಬಾವಿ. 116 ಮೀಟರ್ ಇಳಿದರೂ ಮಂಜು ಮುಗಿಯಲಿಲ್ಲ, ನೀರೂ ಸಿಗಲಿಲ್ಲ. ವಿಜ್ಞಾನಿಗಳಿಗೆ ಮಾತ್ರ ಹಬ್ಬವಾಯಿತು. ಮ್ಯಾಮತ್ ವಸ್ತುಸಂಗ್ರಹಾಲಯವನ್ನೂ ನೋಡಿದೆ. ದಂತಗಳು ದೊಡ್ಡವಿದ್ದವು.

ಮೂರನೆಯ ದಿನ, ಮತ್ತು ಅದು ನಾಲ್ಕನೆಯದಾದದ್ದು

ಇಹಿಯಾಖ್. ಚಿಮುಕಿಸುವುದು ಎಂದು ಅರ್ಥ. ಕುದುರೆಯ ಹಾಲನ್ನು ಹುಳಿಯಿಸಿದ ಕುಮಿಸ್ಸನ್ನು ಬೆಂಕಿಗೆ, ನೆಲಕ್ಕೆ, ಆಕಾಶಕ್ಕೆ ಚಿಮುಕಿಸುವ ಹಬ್ಬ. ಸೂರ್ಯ ಅತಿ ಹೆಚ್ಚು ಹೊತ್ತು ನಿಲ್ಲುವ ದಿನಗಳಲ್ಲಿ ನಗರದ ಹೊರಗಿನ ಉಸ್ ಖಾತಿನ್ ಬಯಲಿನಲ್ಲಿ ನಡೆಯುತ್ತದೆ. ಕುದುರೆ ಈದು ಹಾಲು ಕೊಡುವ ಕಾಲ ಇದೇ, ಹಾಲಿಲ್ಲದೆ ಹಬ್ಬವಿಲ್ಲ. ಶಾಮನ್‌ಗಳನ್ನು ಅಟ್ಟಾಡಿಸಿದ ಸೋವಿಯತ್ ಕಾಲದಲ್ಲಿ ಇದರ ಪೂಜೆಯ ಭಾಗ ಬಹುಪಾಲು ಮರೆಗೆ ಸರಿದು, ಕುದುರೆ ಓಟ, ಕುಸ್ತಿಗಳ ರೂಪದಲ್ಲಿ ಹಬ್ಬ ಉಳಿಯಿತು. 1990ರ ದಶಕದಿಂದೀಚೆಗೆ ಮತ್ತೆ ಮೈತುಂಬಿಕೊಂಡಿದೆ.

ನನ್ನ ಜೊತೆ ಇದ್ದವರು ಚುರಾಪ್ಚಾ ಕಡೆಯ ಒಬ್ಬ ಶಾಲಾ ಶಿಕ್ಷಕಿ. ಖೊಮುಸ್ ಮೂಲಕವೇ ಪರಿಚಯ, ಮೂರು ವರ್ಷದ ಪತ್ರವ್ಯವಹಾರ. ಇಂಗ್ಲಿಷ್ ಕಲಿಸುತ್ತಾರೆ, ನಾನು ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದೆ. ಬಯಲಿಗೆ ಕಾಲಿಟ್ಟೊಡನೆ ಮುದುಕರೊಬ್ಬರು ನಮ್ಮನ್ನು ತಡೆದು ‘ಕೆಪ್ಸೆ!’ ಎಂದರು. ಟೀಚರ್ ‘ಸುವೊಖ್, ಎನ್ ಕೆಪ್ಸೆ’ ಎಂದರು. ಆಮೇಲೆ ಇಬ್ಬರೂ ಅರ್ಧ ಗಂಟೆ ಮಾತಾಡಿದರು.

‘ಏನೆಂದರು?’

‘ಹೇಳು ಎಂದರು. ಏನಿಲ್ಲ, ನೀವು ಹೇಳಿ ಎಂದೆ.’

‘ಆಮೇಲೆ?’

‘ಆಮೇಲೆ ಇಬ್ಬರೂ ಹೇಳಿದೆವು.’

ಇದು ಸಾಖಾ ಜನರ ಹಳೆಯ ವಂದನೆ. ನಮ್ಮಲ್ಲಿ ‘ಏನು ಸಮಾಚಾರ’ ಎಂದರೆ ‘ಎಲ್ಲ ನಿಮ್ಮ ಕಡೆಯೇ’ ಎನ್ನುವ ಹಾಗೆ. ಒಂದೊಂದು ಕುಟುಂಬ ಒಂದೊಂದು ಹುಲ್ಲುಗಾವಲಿನಲ್ಲಿ ಒಂಟಿಯಾಗಿ ಬಾಳುತ್ತಿದ್ದ ಕಾಲದಲ್ಲಿ, ತಿಂಗಳಿಗೊಮ್ಮೆ ಬರುವ ಅತಿಥಿಯೇ ವೃತ್ತಪತ್ರಿಕೆ. ಅವನನ್ನು ಸುಮ್ಮನೆ ಕಳಿಸುವುದುಂಟೆ?

ಬಯಲಿನ ತುಂಬ ಬೆಳ್ಳಿ ಹೊಳೆಯುತ್ತಿತ್ತು. ಹೆಂಗಸರ ಎದೆಯ ಮೇಲೆ, ಬೆನ್ನಿನ ಮೇಲೆ ಜೋತುಬಿದ್ದ ಬೆಳ್ಳಿಯ ಆಭರಣ. ನಡೆದರೆ ಸಣ್ಣಗೆ ಝಣ್ ಎನ್ನುತ್ತದೆ. ಕುದುರೆ ಕಟ್ಟುವ ಕೆತ್ತನೆಯ ಕಂಬಗಳು, ಸೆರ್ಗೆ. ಅವುಗಳ ನಡುವೆ ಕುದುರೆಗೂದಲಿನ ಹಗ್ಗಕ್ಕೆ ಬಣ್ಣದ ಬಟ್ಟೆಯ ಚೂರು ಕಟ್ಟಿದ ತೋರಣ. ಕೈಯಲ್ಲಿ ಕುದುರೆ ಬಾಲದ ಚಾಮರ. ಇದನ್ನು ಕಂಡು ನನ್ನೊಳಗಿನ ದೇವಸ್ಥಾನದ ಹುಡುಗ ಎದ್ದು ಕುಳಿತ. ಆದರೆ ಇಲ್ಲಿ ಚಾಮರ ಬೀಸುವುದು ದೇವರಿಗಿಂತ ಹೆಚ್ಚಾಗಿ ಸೊಳ್ಳೆಗೆ. ಎರಡು ಗಂಟೆಯಲ್ಲಿ ನನಗೂ ಅದರ ಮಹಿಮೆ ತಿಳಿಯಿತು, ಒಂದನ್ನು ಕೊಂಡುಕೊಂಡೆ.

ಬಿಳಿ ಬಟ್ಟೆಯ ಅಲ್ಗಿಸ್ಚಿತ್, ಎಂದರೆ ಹರಕೆಯ ನುಡಿ ಹೇಳುವವರು, ಬೆಂಕಿಯ ಮುಂದೆ ಮಂಡಿಯೂರಿದರು. ಮೂರು ಕಾಲಿನ ಮರದ ಬಟ್ಟಲು ಚೊರೋನ್‌ನಲ್ಲಿ ಕುಮಿಸ್. ಮೊದಲು ಬೆಂಕಿಗೆ, ಏಕೆಂದರೆ ಬೆಂಕಿಯ ಒಡೆಯನೇ ಉಳಿದ ದೇವತೆಗಳಿಗೆ ತಲುಪಿಸುವವನು. ಮೇಲಿನ ಲೋಕದಲ್ಲಿ ಯುರ್ಯುಂಗ್ ಆರ್ ತೊಯೋನ್ ಮತ್ತು ಅವನ ಪರಿವಾರ, ನಡುವೆ ನಾವು, ಕೆಳಗೆ ಅಬಾಸಿಗಳೆಂಬ ದುಷ್ಟರು. ಮೂರನ್ನೂ ಕೂಡಿಸುವ ಮರ ಆಲ್ ಲೂಕ್ ಮಾಸ್. ಜನ ‘ಉರುಯ್! ಐಖಾಲ್!’ ಎಂದು ಕೂಗಿದರು.

ಬಟ್ಟಲು ನನ್ನ ಕೈಗೂ ಬಂತು. ನೀರಾದ, ಎರಡು ದಿನ ಹಳೆಯದಾದ ಮಜ್ಜಿಗೆಗೆ ಯಾರೋ ಸೋಡಾ ಬೆರೆಸಿದಂತೆ ನಾಲಗೆ ಚುರುಗುಟ್ಟಿತು. ಸ್ವಲ್ಪ ಅಮಲೂ ಇದೆಯಂತೆ. ಕುದುರೆಯ ಹಾಲು ಕುಡಿದೆನೆಂದು ಊರಿನಲ್ಲಿ ಹೇಳಿದರೆ ಏನೆನ್ನುತ್ತಾರೋ ಎಂದು ಯೋಚಿಸುತ್ತಲೇ ಎರಡನೆಯ ಗುಟುಕು ಇಳಿಸಿದೆ.

ಕುಸ್ತಿ, ಓಟ, ಕೋಲೆಳೆತ ಎಲ್ಲ ನಡೆಯುತ್ತಿದ್ದವು. ಕೋಲೆಳೆತದಲ್ಲಿ ಇಬ್ಬರು ಎದುರುಬದುರು ಕುಳಿತು, ನಡುವಿನ ಹಲಗೆಗೆ ಪಾದ ಒತ್ತಿ, ಒಂದೇ ಕೋಲನ್ನು ಹಿಡಿದು ಜಗ್ಗುತ್ತಾರೆ. ಒಬ್ಬ ಹುಡುಗ ಕೋಲಿನ ಸಮೇತ ಎದುರಾಳಿಯ ತಲೆಯ ಮೇಲಿಂದ ಹಾರಿಹೋದ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಭೂರ್ಜದ ತೊಗಟೆ ಹೊದಿಸಿದ ಶಂಕುವಿನಾಕಾರದ ಬೇಸಿಗೆ ಮನೆ, ಉರಾಸಾ. ಒಳಗೆ ಒಬ್ಬ ವೃದ್ಧರು ಕಾಲ ಮೇಲೆ ಕಾಲು ಹಾಕಿ, ಕೆನ್ನೆಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ಒಲೊಂಖೊ ಹೇಳುತ್ತಿದ್ದರು. ವಾದ್ಯವಿಲ್ಲ, ಮೇಳವಿಲ್ಲ. ಕಥೆ ಸಾಗುವಾಗ ಬಿರುಸಿನ ಓಟದ ನುಡಿ. ಪಾತ್ರ ಬಂದಾಗ ಹಾಡು. ವೀರನಿಗೊಂದು ಗಂಟಲು, ಕನ್ಯೆಗೊಂದು, ಕೆಳಲೋಕದ ರಾಕ್ಷಸನಿಗೆ ಇನ್ನೊಂದು, ಕುದುರೆಗೂ ಒಂದು. ಹತ್ತು ಹದಿನೈದು ಸಾವಿರ ಸಾಲುಗಳ ಮಹಾಕಾವ್ಯ ಒಬ್ಬ ಮುದುಕನ ಬಾಯಿಯಲ್ಲಿ. ಯುನೆಸ್ಕೊ 2005ರಲ್ಲಿ ಇದನ್ನು ಮಾನವಕುಲದ ಮೌಖಿಕ ಸಂಪತ್ತೆಂದು ಸಾರಿತು.

ಕೇಳುವವರು ಸುಮ್ಮನಿರುವಂತಿಲ್ಲ. ಸಾಲು ಮುಗಿದಾಗ ಅಲ್ಲೊಬ್ಬ ಇಲ್ಲೊಬ್ಬ ‘ನೋ!’ ಎನ್ನುತ್ತಾರೆ. ಇಂಗ್ಲಿಷಿನ ಇಲ್ಲವಲ್ಲ, ನಮ್ಮ ಹೂಂ. ನಮ್ಮ ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟದಿದ್ದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. ಒಂದು ಗಂಟೆ ಕುಳಿತೆ. ಒಂದಕ್ಷರವೂ ತಿಳಿಯಲಿಲ್ಲ. ‘ನೋ’ ಎನ್ನುವ ಧೈರ್ಯವೂ ಬರಲಿಲ್ಲ.

ಹನ್ನೊಂದರ ಸುಮಾರಿಗೆ ಒಸುವೊಖಾಯ್ ಸುತ್ತು ಕಟ್ಟಿತು. ತೋಳಿಗೆ ತೋಳು ಬೆಸೆದು, ಸೂರ್ಯ ಸುತ್ತುವ ದಿಕ್ಕಿನಲ್ಲಿ ಹೆಜ್ಜೆ. ನಡುವೆ ಒಬ್ಬರು ಆ ಕ್ಷಣಕ್ಕೆ ಕಟ್ಟಿದ ಸಾಲನ್ನು ಹಾಡುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ನನ್ನ ಎಡಗಡೆ ಬ್ಯಾಂಕಿನ ಗುಮಾಸ್ತೆ, ಬಲಗಡೆ ಹತ್ತು ವರ್ಷದ ಹುಡುಗ. ಎರಡು ಹೆಜ್ಜೆ ತಪ್ಪಿದ ಮೇಲೆ ಹುಡುಗನೇ ನನ್ನನ್ನು ಎಳೆದುಕೊಂಡು ಹೋದ. ಎಷ್ಟು ಸುತ್ತಾಯಿತೋ. ಎರಡೂವರೆ ಹೊತ್ತಿಗೆ ಎಲ್ಲರೂ ಪೂರ್ವಕ್ಕೆ ತಿರುಗಿ ನಿಂತರು. ಕಾಡಿನಂಚಿನಿಂದ ಕೆಂಪು ತುಣುಕು ಮೇಲೆ ಬಂದಾಗ ಸಾವಿರಾರು ಜೋಡಿ ಅಂಗೈಗಳು ಅದರ ಕಡೆ ಚಾಚಿದವು. ಯಾರೂ ಮಾತಾಡಲಿಲ್ಲ. ಪಕ್ಕದ ಹುಡುಗ ನಿಂತಲ್ಲೇ ತೂಕಡಿಸುತ್ತಿದ್ದ, ಕೈ ಮಾತ್ರ ಚಾಚಿಯೇ ಇತ್ತು.

ನಾಲ್ಕನೆಯ ದಿನದ ಉಳಿದ ಭಾಗವನ್ನು ನಿದ್ದೆ ಮಾಡಿದೆ.

ಐದನೆಯ ದಿನ

ಲೇನಾ ನದಿಗೆ ಯಾಕುತ್ಸ್ಕ್‌ನಲ್ಲಿ ಸೇತುವೆಯಿಲ್ಲ. ಬೇಸಿಗೆಯಲ್ಲಿ ಹಡಗಿನಂಥ ಜಂಗಲ್ಲು, ಚಳಿಗಾಲದಲ್ಲಿ ಮಂಜಿನ ಮೇಲೆಯೇ ಲಾರಿ. ನಡುವೆ, ಮಂಜು ಕಟ್ಟುವಾಗ ಮತ್ತು ಒಡೆಯುವಾಗ, ವಾರಗಟ್ಟಲೆ ಆಚೆಯವರು ಆಚೆ, ಈಚೆಯವರು ಈಚೆ. ದಾಟಲು ಒಂದು ಗಂಟೆಗೂ ಮೇಲಾಯಿತು. ಶರಾವತಿಯ ಹಿನ್ನೀರಿನಲ್ಲಿ ಲಾಂಚ್ ಹತ್ತಿ ಅಭ್ಯಾಸವಿದ್ದವನಿಗೂ ಇದು ನದಿ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಆಚೆ ದಡದ ನಿಜ್ನಿ ಬೆಸ್ಟ್ಯಾಖ್‌ನಿಂದ ಕೊಲಿಮಾ ಹೆದ್ದಾರಿ. ಧೂಳು, ಲಾರ್ಚ್ ಕಾಡು, ಧೂಳು. ಇದ್ದಕ್ಕಿದ್ದಂತೆ ಕಾಡು ಬಿಚ್ಚಿಕೊಂಡು ತಟ್ಟೆಯಂತೆ ದುಂಡಗಿನ ಹಸಿರು ತಗ್ಗು, ನಡುವೆ ಕೆರೆ, ಸುತ್ತ ಹುಲ್ಲು. ಇದೇ ಅಲಾಸ್. ನೆಲದೊಳಗಿನ ಮಂಜು ಸಾವಿರಾರು ವರ್ಷಗಳ ಹಿಂದೆ ಕರಗಿ, ಮಣ್ಣು ಕುಸಿದು ಆದ ಬಟ್ಟಲು. ಸಾಖಾ ಜನರ ಊರು, ದೇಶ, ಕುಲ ಎಲ್ಲವೂ ಈ ಬಟ್ಟಲುಗಳೇ. ನೀನು ಯಾವ ಅಲಾಸಿನವನು ಎಂದು ಕೇಳಿದರೆ ಯಾರ ಮಗ ಎಂದು ಕೇಳಿದಂತೆ. 1930ರ ದಶಕದ ನಂತರ ಸಾಮೂಹಿಕ ಬೇಸಾಯಕ್ಕೆಂದು ಇವರನ್ನೆಲ್ಲ ಹಳ್ಳಿಗಳಿಗೆ ತಂದು ಕೂಡಿಹಾಕಿದರು. ಅಲಾಸಿನ ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಿತು.

ಟೀಚರ್ ಮನೆಯಲ್ಲಿ ಅವರ ಅಜ್ಜಿ ಇದ್ದರು. ಅಜ್ಜಿಗೆ ಸಾಖಾದಲ್ಲಿ ಎಬೆ. ನಾನೂ ಹಾಗೆಯೇ ಕರೆದೆ. ಬಾಗಿಲಲ್ಲಿ ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ‘ಕೆಪ್ಸೆ’ ಎಂದರು. ಬಾಯಿಪಾಠ ಮಾಡಿಕೊಂಡಿದ್ದ ಉತ್ತರ ಮರೆತುಹೋಯಿತು. ನಮಸ್ಕಾರ ಮಾಡಿದೆ.

ಅಡುಗೆಮನೆಯ ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಟೀಚರ್ ಓದಿ ಹೇಳಿದರು. ಮಾರ್ಚ್ ಎಂದರೆ ಮರಿಗುದುರೆ ಹಿಡಿದು ಕಟ್ಟುವ ತಿಂಗಳು. ಏಪ್ರಿಲ್, ಮಂಜು ತೇಲಿಹೋಗುವ ತಿಂಗಳು. ಮೇ, ಮೀನು ಮೊಟ್ಟೆಯಿಡುವ ತಿಂಗಳು. ಜೂನ್, ಪೈನ್ ತಿಂಗಳು. ಜುಲೈ, ಹುಲ್ಲಿನ ತಿಂಗಳು. ಆಗಸ್ಟ್, ಹುಲ್ಲೆತ್ತುವ ಕವೆಗೋಲಿನ ತಿಂಗಳು. ಸೆಪ್ಟೆಂಬರ್, ಬಲಗಾನ್ ಎಂಬ ಚಳಿಗಾಲದ ಮನೆಗೆ ಮರಳುವ ತಿಂಗಳು. ಜೂನ್‌ಗೆ ಪೈನ್ ಏಕೆ ಎಂದರೆ, ಆಗ ಮರದ ಒಳತೊಗಟೆ ಮೆತ್ತಗಾಗಿ ಸುಲಿಯಲು ಬರುತ್ತದೆ. ಒಣಗಿಸಿ, ಕುಟ್ಟಿ, ಹಾಲಿಗೆ ಹಾಕಿ ಕುದಿಸುತ್ತಿದ್ದರು, ಬಡವರ ಹಿಟ್ಟು.

ಅಂದು ಮನೆಗೆ ಫೋನ್ ಮಾಡಿದರೆ ಅಮ್ಮ, ‘ಆರಿದ್ರಾ ಹಿಡಿದಿದೆ, ಗದ್ದೆಯ ಅಂಚು ಒಡೆದಿದೆ’ ಎಂದಳು. ಮಳೆಗೆ ನಕ್ಷತ್ರದ ಹೆಸರಿಟ್ಟ ನಾವು, ತಿಂಗಳಿಗೆ ಕೆಲಸದ ಹೆಸರಿಟ್ಟ ಇವರು. ಎಬೆಗೆ ಇದನ್ನು ಹೇಳಿಸಿದೆ. ‘ನಿಮಗೆ ನಕ್ಷತ್ರ ನೋಡಲು ಪುರುಸೊತ್ತಿದೆ’ ಎಂದರು.

ಆರನೆಯ ದಿನ

ಬೆಳಿಗ್ಗೆ ಎಬೆ ಒಲೆಯ ಬಾಗಿಲು ತೆರೆದು, ಮೊದಲ ಒಲಾದಿಯ ಒಂದು ಚೂರು ಹರಿದು ಬೆಂಕಿಗೆ ಹಾಕಿದರು. ಒಲಾದಿ ಎಂದರೆ ದಪ್ಪ ದೋಸೆ. ಮೊದಲ ದೋಸೆಯ ಚೂರು ಒಲೆಗೆ ಹೋಗುವ ಮನೆಯಲ್ಲೇ ನಾನೂ ಬೆಳೆದವನು, ವಿವರಣೆ ಕೇಳಲಿಲ್ಲ. ಮಾಂಸ ತಿನ್ನದ ಅತಿಥಿ ಎಂದರೆ ಈ ಊರಿಗೆ ಒಂದು ಸಮಸ್ಯೆ. ಮರಿಗುದುರೆಯ ಮಾಂಸ, ಚಳಿಯಲ್ಲಿ ಹೆಪ್ಪುಗಟ್ಟಿದ ಹಸಿ ಮೀನಿನ ಎಸಳು, ಕೆರೆಯ ಸೋಬೊ ಮೀನು, ಇವೇ ಗೌರವದ ಊಟ. ಎಬೆ ಚಿಂತಿಸಲಿಲ್ಲ. ಗಟ್ಟಿ ಕೆನೆಯ ಪಾತ್ರೆ ಮಂಡಿಯ ನಡುವೆ ಇಟ್ಟುಕೊಂಡು, ತುದಿಗೆ ಬಿಲ್ಲೆಯಿರುವ ಮರದ ಕೋಲನ್ನು ಎರಡು ಅಂಗೈಗಳ ನಡುವೆ ಕಡೆಯತೊಡಗಿದರು. ಅದರ ಹೆಸರು ಇತಿಕ್. ಕಡೆಗೋಲು, ಬೇರೇನೂ ಅಲ್ಲ. ಕೆನೆ ನೊರೆಯಾಗಿ ಉಬ್ಬಿತು, ಮೇಲೆ ಕಾಡಿನ ಹಣ್ಣು ಉದುರಿಸಿದರು. ಇದೇ ಕುಯೆರ್ಚೆಖ್. ಮೂರು ಬಟ್ಟಲು ತಿಂದೆ. ನಾಚಿಕೆಯಾಗಲಿಲ್ಲ.

ಆಮೇಲೆ ಅವರ ಹಳೆಯ ಅಲಾಸಿಗೆ ಹೋದೆವು. ಅರ್ಧ ಕುಸಿದ ಬಲಗಾನ್ ಅಲ್ಲಿದೆ. ಲಾರ್ಚ್ ದಿಮ್ಮಿಗಳನ್ನು ಒಳಮುಖವಾಗಿ ವಾಲಿಸಿ ನಿಲ್ಲಿಸಿದ ಗೋಡೆ, ಅದಕ್ಕೆ ಮಣ್ಣು ಸಗಣಿ ಕಲಸಿದ ಗಿಲಾವು. ಬಾಗಿಲು ಪೂರ್ವಕ್ಕೆ. ಕಿಟಕಿಗೆ ಚಳಿಗಾಲದಲ್ಲಿ ಗಾಜಿನ ಬದಲು ಕೆರೆಯಿಂದ ಕೊಯ್ದು ತಂದ ಮಂಜಿನ ಹಲಗೆ. ಇದೇ ಸೂರಿಗೆ ಅಂಟಿಕೊಂಡು ಖೊಟೊನ್, ಅಂದರೆ ಕೊಟ್ಟಿಗೆ. ಮನುಷ್ಯರ ಒಲೆಯ ಬಿಸಿ ದನಗಳಿಗೆ, ದನಗಳ ಮೈಬಿಸಿ ಮನುಷ್ಯರಿಗೆ. ಹಳೆಯ ಪ್ರವಾಸಿಗರು ಇದರ ವಾಸನೆಯನ್ನು ದೂರಿ ದೂರಿ ಬರೆದಿದ್ದಾರೆ. ಕೊಟ್ಟಿಗೆಯ ಗೋಡೆಗೆ ಒರಗಿ ಮಲಗಿ ಬೆಳೆದವರು ಬರೆದಿದ್ದರೆ ಬೇರೆ ತರಹ ಇರುತ್ತಿತ್ತು.

ಕುದುರೆಗೆ ಕೊಟ್ಟಿಗೆಯೇ ಇಲ್ಲ. ಗಿಡ್ಡ ಕಾಲು, ದಪ್ಪ ಕೂದಲಿನ ಈ ಪ್ರಾಣಿ ವರ್ಷವಿಡೀ ಹೊರಗೇ ಇದ್ದು, ಗೊರಸಿನಿಂದ ಹಿಮ ಕೆದಕಿ ಅಡಿಯ ಹುಲ್ಲು ತಿನ್ನುತ್ತದೆ. ದನದ ಕಥೆ ಹಾಗಲ್ಲ. ಸುಮಾರು ಎಂಟು ತಿಂಗಳು ಒಳಗೇ ಕಟ್ಟಿ ಮೇಯಿಸಬೇಕು. ಆ ಎಂಟು ತಿಂಗಳ ಹುಲ್ಲನ್ನು ಜುಲೈ, ಆಗಸ್ಟ್‌ನ ಕೆಲವೇ ವಾರಗಳಲ್ಲಿ ಕೊಯ್ದು, ಒಣಗಿಸಿ, ಬಣವೆ ಹಾಕಬೇಕು. ಆ ವಾರಗಳಲ್ಲಿ ಮಳೆ ಬಂದರೆ ಹುಲ್ಲು ಕೊಳೆಯುತ್ತದೆ, ಬರದಿದ್ದರೆ ಹುಲ್ಲೇ ಏಳುವುದಿಲ್ಲ. ಎಬೆ ಮಾತಿಗೊಮ್ಮೆ ಬಗ್ಗಿ ಹುಲ್ಲು ಮುಟ್ಟಿ ನೋಡುತ್ತಿದ್ದರು, ಮಗುವಿನ ಹಣೆ ಮುಟ್ಟಿದಂತೆ.

ಅಂದು ನಾನು ಒಂದು ಪದದಲ್ಲಿ ಎಡವಿದೆ. ಒತ್ ಎಂದರೆ ಹುಲ್ಲು, ಉಒತ್ ಎಂದರೆ ಬೆಂಕಿ. ‘ನಿಮ್ಮ ಬೆಂಕಿ ಚೆನ್ನಾಗಿ ಬೆಳೆದಿದೆ’ ಎಂದೆನಂತೆ. ಎಬೆ ಕುಳಿತುಕೊಂಡು ನಕ್ಕರು.

ಸಂಜೆ ಸಗಣಿಯ ಒಣ ತುಂಡುಗಳಿಗೆ ಬೆಂಕಿ ಹಚ್ಚಿ ಹೊಗೆ ಹಾಕಿದರು. ಇದಕ್ಕೆ ತ್ಯುಪ್ತೆ ಎಂದು ಹೆಸರು. ಹಸುಗಳು ತಾವಾಗಿ ಬಂದು ಹೊಗೆಯಲ್ಲಿ ತಲೆಯಿಟ್ಟು ನಿಂತವು; ಸೊಳ್ಳೆಯ ಕಾಟಕ್ಕೆ ಅದೇ ಮದ್ದು. ಸಾಖಾ ಐತಿಹ್ಯದಲ್ಲಿ ಎಲ್ಲೇಯ್ ಎಂಬ ಮೂಲಪುರುಷನಿದ್ದಾನೆ. ಅವನು ಮೊದಲ ಬಾರಿಗೆ ಹೊಗೆ ಹಾಕಿದಾಗ ಶ್ರೀಮಂತ ಒಮೊಗೊಯ್‌ನ ದನವೆಲ್ಲ ಅವನ ಬಳಿಗೇ ಬಂದು ನಿಂತವಂತೆ. ಮೊದಲ ಇಹಿಯಾಖ್ ಮಾಡಿದವನೂ ಅವನೇ. ಕತ್ತಿಯಿಂದಲ್ಲ, ಸಗಣಿ ಹೊಗೆಯಿಂದ ಗೆದ್ದ ಈ ವೀರ ನನಗೆ ಬಹಳ ಹಿಡಿಸಿದ.

ಆ ಹೊಗೆಯಲ್ಲೇ ಕುಳಿತು ನಾನು ಮೋರ್ಸಿಂಗ್ ತೆಗೆದೆ, ಎಬೆ ಒಳಗಿನಿಂದ ಖೊಮುಸ್ ತಂದರು. ಎರಡು ವಾದ್ಯಗಳ ಶ್ರುತಿ ಕೂಡಲಿಲ್ಲ. ಅವರು ಗಾಳಿ ಬೀಸಿದರೆ ನಾನು ಕಮ್ಮಾರನ ಸುತ್ತಿಗೆ. ಹಸುಗಳು ಮಾತ್ರ ಎದ್ದು ಹೋಗಲಿಲ್ಲ.

ಏಳನೆಯ ದಿನ

ಕುಡಿಯುವ ನೀರಿಗಾಗಿ ನೆಲಮಾಳಿಗೆಗೆ ಇಳಿದೆವು. ಬುಲೂಸ್ ಎನ್ನುತ್ತಾರೆ, ಮಂಜುಗಟ್ಟಿದ ಮಣ್ಣಿನಲ್ಲೇ ತೋಡಿದ ಗುಂಡಿ. ಚಳಿಗಾಲದ ಆರಂಭದಲ್ಲಿ ಕೆರೆಯಿಂದ ಕೊಯ್ದ ಮಂಜಿನ ದಿಮ್ಮಿಗಳು ಜೂನ್‌ನಲ್ಲೂ ನೀಲಿಯಾಗಿ ಮಲಗಿದ್ದವು. ಜೊತೆಗೆ ಮಾಂಸ, ಮೀನು, ಕಾಡಿನ ಹಣ್ಣು. ಕರೆಂಟ್ ಬಿಲ್ಲಿಲ್ಲದ ಫ್ರಿಜ್ ಎಂದೆ. ಟೀಚರ್ ನಗಲಿಲ್ಲ. ಕೆಳಗಿನ ಮೂಲೆಯಲ್ಲಿ ಒಂದಿಷ್ಟು ನೀರು ನಿಂತಿತ್ತು, ಅದನ್ನು ತೋರಿಸಿದರು. ಮೊದಲು ಹಾಗಿರಲಿಲ್ಲವಂತೆ.

ಹೊರಗೆ ಬಂದ ಮೇಲೆ ಊರಂಚಿನ ಬಯಲಿಗೆ ಕರೆದೊಯ್ದರು. ಒಂದು ಕಾಲದಲ್ಲಿ ಸಮತಟ್ಟಾಗಿದ್ದ ನೆಲ ಈಗ ಗುಬುಟು ಗುಬುಟು, ಹುಲ್ಲು ಹೊದ್ದ ನೂರಾರು ಬೋಗುಣಿಗಳನ್ನು ಬೋರಲು ಹಾಕಿದಂತೆ. ಅಡಿಯಲ್ಲಿದ್ದ ಮಂಜಿನ ಬೆಣೆಗಳು ಕರಗಿ ಅವುಗಳ ಮೇಲಿನ ಮಣ್ಣು ಇಳಿಯುತ್ತಿದೆ. ಕುಡುಗೋಲಿಗೂ ಕಷ್ಟ, ಯಂತ್ರಕ್ಕಂತೂ ಅಸಾಧ್ಯ. ಸಾವಿರಾರು ವರ್ಷಗಳ ಹಿಂದೆ ನೆಲ ಕರಗಿಯೇ ಅಲಾಸ್‌ಗಳಾದವು, ಅಲಾಸ್‌ನಿಂದಲೇ ಇವರ ಬದುಕಾಯಿತು, ನಿಜ. ಆದರೆ ಮನೆಯ ಅಡಿಯಲ್ಲಿ ಅಲಾಸ್ ಹುಟ್ಟುವುದನ್ನು ಯಾರು ಬಯಸುತ್ತಾರೆ?

ಮಧ್ಯಾಹ್ನ ಎಬೆ ತಾವಾಗಿ 1942ರ ಮಾತು ತೆಗೆದರು. ಸತತ ಬರದಿಂದ ಹುಲ್ಲಿಲ್ಲದೆ ದನ ಸತ್ತು ಚುರಾಪ್ಚಾ ಹಸಿದಿದ್ದ ವರ್ಷ, ಯುದ್ಧದ ವರ್ಷ. ಸರ್ಕಾರ ಇಲ್ಲಿನ ಸುಮಾರು ಐದು ಸಾವಿರ ಜನರನ್ನು ಮೀನು ಹಿಡಿಯಲೆಂದು ಉತ್ತರದ ಕೆಳಲೇನಾ ಪ್ರದೇಶಗಳಿಗೆ ಸಾಗಿಸಿತು. ಹುಲ್ಲು ಕೊಯ್ಯುವವರಿಗೆ ಬಲೆ ಹಾಕಲು ಬರುತ್ತಿರಲಿಲ್ಲ. ತಲುಪುವಾಗ ಚಳಿಗಾಲ ಹತ್ತಿರವಾಗಿತ್ತು, ಇರಲು ಮನೆಯಿರಲಿಲ್ಲ. ಬಹಳ ಜನ ಅಲ್ಲೇ ಉಳಿದರು, ನೆಲದೊಳಗೆ. ಎಬೆಯ ತಾಯಿ ಯುದ್ಧ ಮುಗಿಯುವ ಹೊತ್ತಿಗೆ ಹಿಂದಿರುಗಿದರು, ಹೋಗುವಾಗ ಕರೆದೊಯ್ದ ಇಬ್ಬರು ಮಕ್ಕಳಿಲ್ಲದೆ. ‘ಬಂದವಳೇ ಮೊದಲು ಹುಲ್ಲಿನಲ್ಲಿ ಮಲಗಿದಳಂತೆ’ ಎಂದು ಎಬೆ ಹೇಳಿ, ಚಹಾಕ್ಕೆ ಹಾಲು ಹಾಕಿದರು. ಟೀಚರ್ ಅನುವಾದಿಸುವುದನ್ನು ನಿಲ್ಲಿಸಿದ್ದರು. ಆಮೇಲೆ ಎಬೆ ಇನ್ನೂ ಸ್ವಲ್ಪ ಹೊತ್ತು ಮಾತಾಡಿದರು. ಅದೇನೆಂದು ನಾನು ಕೇಳಲಿಲ್ಲ.

ಎಂಟನೆಯ ದಿನ

ಹೊರಡುವಾಗ ಎಬೆ ಬಾಗಿಲವರೆಗೆ ಬಂದು ಬೆಣ್ಣೆಯ ಪೊಟ್ಟಣ ಕೊಟ್ಟರು. ನಾನು ಸ್ವೆಟರ್‌ಗಳನ್ನು ಕೊಟ್ಟೆ. ಒಂದನ್ನು ಮೂಸಿ ನೋಡಿ, ‘ತೆಳುವು’ ಎಂದರು.

ಜಂಗಲ್ಲಿನಲ್ಲಿ ಜಾಗ ಸಿಕ್ಕಿದ್ದು ಒಬ್ಬ ಮುದುಕನ ಪಕ್ಕ. ಕಾಲ ಬಳಿ ಬಟ್ಟೆ ಸುತ್ತಿದ ಹೊಸ ಕುಡುಗೋಲಿನ ಅಲಗು. ದಡ ಬಿಟ್ಟ ಮೇಲೆ ನನ್ನ ಕಡೆ ತಿರುಗಿ, ‘ಕೆಪ್ಸೆ’ ಎಂದ.

‘ಸುವೊಖ್, ಎನ್ ಕೆಪ್ಸೆ’ ಎಂದೆ.

ಅವನಿಗೆ ಅಷ್ಟೇ ಬೇಕಿತ್ತು. ನನಗೆ ಭಾಷೆ ಬರುತ್ತದೆಯೇ ಎಂಬ ಅನುಮಾನ ಅವನಿಗೆ ಬರಲೇ ಇಲ್ಲ. ನದಿಯುದ್ದಕ್ಕೂ ಹೇಳಿದ. ಒಮ್ಮೆ ಸಿಲ್ಗಿ ಎಂದ, ಅದು ಕುದುರೆ. ಹಲವು ಸಲ ಒತ್ ಎಂದ, ಅಥವಾ ಉಒತ್ ಎಂದ. ಅವನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗಲೆಲ್ಲ ನಾನು ‘ನೋ’ ಎನ್ನುತ್ತಿದ್ದೆ.